ಎಡಗಡೆಯ ಹಿಂದಿನ ಜೇಬು

ಬೋರಣ್ಣನ ಕಷ್ಟಕ್ಕೆಲ್ಲ ಕಾರಣ ಒಂದು ಪ್ಲಾಸ್ಟಿಕ್ ಕುರ್ಚಿ. ರಾಯದುರ್ಗದಲ್ಲಿ ಬಸವರಾಜು ಅವರ ಜೀನ್ಸ್ ಪ್ಯಾಂಟಿನ ಶೆಡ್ಡಿನ ಮುಂದೆ, ಬೇವಿನ ನೆರಳಿನಲ್ಲಿ ಅದನ್ನು ಹಾಕಿದ್ದರು. ಅದಕ್ಕೆ ಒರಗಲು ಬೆನ್ನಿತ್ತು. ವರ್ಷಗಟ್ಟಲೆ ಸ್ಟೂಲಿನ ಮೇಲೆ ಬಗ್ಗಿ ಕೂತು ಪ್ಯಾಂಟು ಹೊಲಿದವನಿಗೆ ಅಂಥ ಕುರ್ಚಿ ಕಂಡರೆ ಏನಾಗುತ್ತದೆ ಎಂದು ಹೊಲಿಗೆಯವರನ್ನೇ ಕೇಳಬೇಕು.

ಪ್ಯಾಂಟು ಹೊಲಿದ ಎನ್ನುವುದೂ ಅಷ್ಟು ಸರಿಯಲ್ಲ. ಅಲ್ಲಿ ಯಾರೂ ಪೂರ್ತಿ ಪ್ಯಾಂಟು ಹೊಲಿಯುವುದಿಲ್ಲ. ಒಬ್ಬನದು ಜಿಪ್ಪು, ಒಬ್ಬಳದು ಬೆಲ್ಟು, ಇನ್ನೊಬ್ಬನದು ಕಾಲಿನ ಪಕ್ಕ. ಬೋರಣ್ಣನದು ಎಡಗಡೆಯ ಹಿಂದಿನ ಜೇಬು. ಬಲಗಡೆಯದು ಕೂಡ ಅವನದಲ್ಲ. ತನ್ನ ಅಂಗಿಯ ಗುಂಡಿ ಕಿತ್ತರೂ ಹೆಂಡತಿಯ ಕೈಯಲ್ಲೇ ಹಚ್ಚಿಸಿಕೊಳ್ಳುತ್ತಿದ್ದ.

ಆರ್ಡರು ಕಡಿಮೆಯಾಗಿ, ಅದರ ಮೇಲೆ ಕಾರ್ಖಾನೆಗಳಿಗೆ ಕರೆಂಟು ಕಡಿಯುವ ಪವರ್ ಹಾಲಿಡೇ ಬೇರೆ ಬಂದು, ಲೈನಿನವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಶೆಡ್ಡಿಗೆ ಬೀಗ ಬಿತ್ತು. ಕತ್ತರಿಸಿಟ್ಟ ಬಟ್ಟೆಯ ರಾಶಿ ಒಳಗೇ ಉಳಿಯಿತು. ಕಾಯಲು ಒಬ್ಬ ಬೇಕು ಎಂದು ಬಸವರಾಜು ಅಂದದ್ದೇ ತಡ, ಬೋರಣ್ಣ ತನ್ನೂರು ಗುಮ್ಮಘಟ್ಟದಿಂದ ಶೇರ್ ಆಟೊ ಹಿಡಿದು ಬಂದು ಕುರ್ಚಿಯಲ್ಲಿ ಕೂತ. ದುಡಿಯುವವರಲ್ಲಿ ಸಾಮಾನು ಮಾಡುವವರು ಬೇರೆ, ಸೇವೆ ಮಾಡುವವರು ಬೇರೆ ಎಂದು ಸರ್ಕಾರದವರು ವಿಂಗಡಿಸುತ್ತಾರಂತೆ. ಬೋರಣ್ಣನ ಪ್ರಕಾರ ಬೆನ್ನು ಬಗ್ಗಿಸುವವರು, ಬೆನ್ನು ಒರಗಿಸುವವರು, ಇಷ್ಟೇ. ತಾನು ಆ ಕಡೆಯಿಂದ ಈ ಕಡೆಗೆ ದಾಟಿದೆ ಎಂದು ಅವನಿಗೆ ಬಲು ಹೆಮ್ಮೆ. ಸಾಯುವವರೆಗೂ ಮತ್ತೆ ಆ ಸ್ಟೂಲಿಗೆ ಹೋಗಬಾರದು ಎಂಬುದೊಂದೇ ಅವನ ಆಸೆ.

ಅವತ್ತು ಪವರ್ ಹಾಲಿಡೇ. ಬೆಳಗಿನ ಬಿಸಿಲು ಏರುತ್ತಿತ್ತು. ಬೋರಣ್ಣ ಇನ್ನೇನು ತೂಕಡಿಸಬೇಕು, ಅಷ್ಟರಲ್ಲಿ ಎದುರಿಗೆ ಮಿರ್ಚಿ ಬಜ್ಜಿ ಅಂಗಡಿ ಇಟ್ಟಿದ್ದ ಉಜ್ಜಿನಮ್ಮ ಸೌಟು ಹಿಡಿದುಕೊಂಡೇ ಬಂದಳು.

“ಏನ್ ಬೋರಣ್ಣ, ಕರೆಂಟ್ ಬಂತೇನು? ಒಳಗ ಮಿಷನ್ ಓಡಾಕತ್ತಾವಲ್ಲ.”

“ಎಲ್ಲಿ ಓಡ್ತಾವ? ಕೀ ನನ್ನ ಕಿಸೇದಾಗೈತಿ.”

“ಮತ್ತ ಒಳಗ ಯಾರದಾರ?”

“ಯಾರೂ ಇಲ್ಲ.”

“ಹಂಗಾದ್ರ ಅದು ಇನ್ನೂ ಕೆಟ್ಟದ್ದು,” ಎಂದು ಉಜ್ಜಿನಮ್ಮ ಸೆರಗು ಸಿಕ್ಕಿಸಿಕೊಂಡಳು. ಇಂಥದ್ದಕ್ಕಾಗಿ ಅವಳು ಬಾಣಲಿಯಲ್ಲಿ ಎಣ್ಣೆ ಕಾಯುತ್ತಿದ್ದರೂ ಬಿಟ್ಟು ಬರುವ ಹೆಂಗಸು.

ಬೋರಣ್ಣ ಕಿವಿಗೊಟ್ಟ. ಒಳಗೆ ನಿಜವಾಗಿಯೂ ಮಿಷನ್‌ಗಳು ಓಡುತ್ತಿದ್ದವು. ಬೀಗ ತೆಗೆದು ಬಾಗಿಲು ನೂಕಿದ. ಒಳಗಿನ ಗಾಳಿ ಹೊಸ ಮಡಕೆಯ ಹಾಗೆ ತಣ್ಣಗಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ, ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಆದರೆ ಸೂಜಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಬಟ್ಟೆ ತಾನೇ ಜರುಗಿ, ತಾನೇ ತಿರುಗಿ, ಒಂದು ಮಿಷನ್ನಿನಿಂದ ಮುಂದಿನದಕ್ಕೆ ಹೋಗುತ್ತಿತ್ತು. ಸ್ಟೂಲುಗಳ ಮೇಲಿನ ಮೆತ್ತೆಗಳು ಯಾರೋ ಕೂತ ಹಾಗೆ ತಗ್ಗಾಗಿದ್ದವು.

“ಜಿಪ್ಪಿನ ಮಿಷನ್ ನೋಡ್ರಿ,” ಉಜ್ಜಿನಮ್ಮ ಪಿಸುಗುಟ್ಟಿದಳು. “ಬಿಟ್ಟು ಬಿಟ್ಟು ತುಳಿಯಾಕತ್ತೈತಿ. ಅದು ಮಡಕಶಿರದ ತಿಮ್ಮರಾಜು ತುಳಿಯೋ ರೀತಿ. ಪಾಪ, ಸತ್ತನೇನೋ ಬೆಂಗಳೂರಾಗ.”

ಬೋರಣ್ಣ ತಿಮ್ಮರಾಜುವಿಗೆ ಫೋನು ಹಚ್ಚಿದ. ಆ ಕಡೆಯಿಂದ ಸತ್ತವನೇ ಮಾತಾಡಿದ.

“ಚೆನ್ನಾಗಿವ್ನಿ ಕಣಣ್ಣ. ಬೆಳಗ್ಗೆಯಿಂದ ಕೈ ಮಾತ್ರ ಏಳ್ತಾನೇ ಇಲ್ಲ, ಜೋಮು ಹಿಡ್ದಂಗೈತೆ, ಫೋನೂ ಪಕ್ಕದೋನೇ ಹಿಡ್ಕೊಂಡವ್ನೆ. ನನಗೊಬ್ಬನಿಗೇ ಅಲ್ಲ, ರಾಯದುರ್ಗದಿಂದ ಬಂದೋರಿಗೆಲ್ಲ ಹಂಗೇ ಆಗೈತೆ. ಸೂಪರ್ವೈಜರು ಬೈತಾವ್ನೆ. ಯಾಕಣ್ಣ, ಅಲ್ಲೇನಾರ ವಿಶೇಷವಾ?”

“ಏನಿಲ್ಲ,” ಎಂದು ಬೋರಣ್ಣ ಫೋನು ಇಟ್ಟ.

“ದೆವ್ವ ಅಲ್ಲ ಬಿಡ್ರಿ,” ಉಜ್ಜಿನಮ್ಮನಿಗೆ ಸ್ವಲ್ಪ ನಿರಾಸೆಯೇ ಆಗಿತ್ತು. “ಊರು ಬಿಟ್ಟೋರ ಕೈ ಇವು. ಮಂದಿ ಬಸ್ ಹತ್ತಿ ಹೋದ್ರು, ಕೈ ಕೆಲಸ ಕಲ್ತ ಜಾಗಕ್ಕ ತಿರುಗಿ ಬಂದಾವ.”

ಬೋರಣ್ಣನಿಗೆ ಅದಕ್ಕಿಂತ ಹೆಚ್ಚು ಭಯವಾದದ್ದು ಮೂಲೆಯಲ್ಲಿದ್ದ ತನ್ನ ಹಳೆಯ ಮಿಷನ್ನನ್ನು ನೋಡಿ. ಯಾರೋ ಅದರ ಧೂಳು ಒರೆಸಿ, ಸೂಜಿಗೆ ದಾರ ಪೋಣಿಸಿದ್ದರು. ಅದರ ಮುಂದೆ ಪ್ಯಾಂಟುಗಳು ರಾಶಿ ಬಿದ್ದಿದ್ದವು. ಜಿಪ್ಪು, ಬೆಲ್ಟು, ಬಲಗಡೆಯ ಜೇಬು ಎಲ್ಲ ಮುಗಿದಿತ್ತು. ಎಡಗಡೆಯ ಹಿಂದಿನ ಜೇಬು ಮಾತ್ರ ಒಂದಕ್ಕೂ ಇರಲಿಲ್ಲ.

ಉಜ್ಜಿನಮ್ಮ ಹೇಳಿ ಕಳಿಸಿದ್ದರಿಂದ ಬಸವರಾಜು ಗಾಡಿ ಹತ್ತಿ ಓಡಿ ಬಂದರು. ಸಾವ್ಕಾರರು ಹೆದರುತ್ತಾರೆ, ಬಾಗಿಲಿಗೆ ಇನ್ನೊಂದು ಬೀಗ ಜಡಿದು, ಬೋರಣ್ಣ ನೀನೇ ಧೈರ್ಯಸ್ಥ ಎಂದು ಪಗಾರ ಏರಿಸುತ್ತಾರೆ ಎಂದು ಬೋರಣ್ಣ ಲೆಕ್ಕ ಹಾಕಿದ್ದ. ಬಸವರಾಜು ರಾಶಿಯನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

“ಕರೆಂಟ್ ಸುಟ್ಟಿಲ್ಲ?”

“ಇಲ್ರಿ.”

“ಕೂಲಿ ಕೇಳಿಲ್ಲ?”

“ಕೇಳಾಕ ಬಾಯಿ ಎಲ್ಲೈತ್ರಿ?”

“ದೇವರು ಅದಾನ,” ಎಂದು ಬಸವರಾಜು ಕೈ ಮುಗಿದರು. ಆಮೇಲೆ ಒಂದು ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೋರಣ್ಣನ ಕಡೆಗೆ ಕತ್ತು ಹೊರಳಿಸಿದರು. “ಇದೊಂದು ಜೇಬು ಯಾಕಿಲ್ಲ?”

“ನಾನೀಗ ಸೆಕ್ಯೂರಿಟಿ ಅದೀನ್ರಿ.”

“ಇಂಥ ಶೆಡ್ಡಿಗೆ ಯಾವ ಕಳ್ಳ ಬರ್ತಾನಪ್ಪ? ಸೆಕ್ಯೂರಿಟಿ ಯಾತಕ್ಕ ಬೇಕು? ಕೂತು ಜೇಬು ಹಚ್ಚು, ಇಲ್ಲಾಂದ್ರ ಕೀ ಇಟ್ಟು ಹೋಗು.”

ಎಲ್ಲ ಮಿಷನ್‌ಗಳೂ ಒಮ್ಮೆಗೇ ನಿಂತವು. ಅವು ತನ್ನನ್ನೇ ನೋಡುತ್ತಿವೆ ಎಂದು ಬೋರಣ್ಣನಿಗೆ ಅನ್ನಿಸಿತು. ಮೂಲೆಯ ಸ್ಟೂಲು ಕರ್ರೆಂದು ಹಿಂದೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಿತು. ಅಷ್ಟು ಸಾಕಾಯಿತು. ಕೀ ನೆಲಕ್ಕೆ ಹಾಕಿ ಹೊರಗೆ ಓಡಿ, ರಸ್ತೆ ದಾಟಿ, ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕುಸಿದ. ಕೆಲಸ ಹೋದರೆ ಹೋಗಲಿ, ಬಳ್ಳಾರಿಯಲ್ಲಿ ಯಾವುದಾದರೂ ಬಾಗಿಲು ಕಾಯುತ್ತೇನೆ, ಸದ್ಯ ಬೆನ್ನು ಉಳಿಯಿತು ಎಂದುಕೊಂಡ. ಬಹಳ ದಿನದ ಮೇಲೆ ಅವನಿಗೆ ಹಗುರವೆನಿಸಿತು.

ಉಜ್ಜಿನಮ್ಮ ಹಿಂದೆಯೇ ಬಂದು ಚಹಾ ಇಟ್ಟಳು. ಲೋಟ ಎತ್ತಲು ಹೋದ. ಕೈ ಏಳಲಿಲ್ಲ. ಎರಡೂ ಕೈ ತೊಡೆಯ ಮೇಲೆ ಹಸಿ ಬಟ್ಟೆಯ ಹಾಗೆ ಬಿದ್ದಿದ್ದವು.

ಎದುರಿನ ಶೆಡ್ಡಿನಲ್ಲಿ ಇನ್ನೊಂದು ಮಿಷನ್ ಶುರುವಾಯಿತು. ಜೇಬಿನ ಮೂಲೆಗೆ ಬಂದಾಗ ಒಂದು ಕ್ಷಣ ನಿಂತು, ತಿರುಗಿ, ಮತ್ತೆ ಓಡುವ ಸದ್ದು. ಅದು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತನ್ನನ್ನು ಬಿಟ್ಟು ತನ್ನ ಕೈಗಳೇ ಕೆಲಸಕ್ಕೆ ಹೋದದ್ದು ತಿಳಿದು ಬೋರಣ್ಣನಿಗೆ ಹೆದರಿಕೆಗಿಂತ ದುಃಖವೇ ಹೆಚ್ಚಾಯಿತು. ಕೈಯಿಲ್ಲದವನನ್ನು ಬಳ್ಳಾರಿಯ ಯಾವ ಬಾಗಿಲಿನವರೂ ಇಟ್ಟುಕೊಳ್ಳುವುದಿಲ್ಲ. ಎದ್ದು, ಜೋಲಾಡುವ ಕೈಗಳೊಂದಿಗೆ ಶೆಡ್ಡಿಗೆ ಬಂದ.

“ತಪ್ಪಾಯ್ತ್ರಿ ಸಾವ್ಕಾರ್ರ. ಸ್ಟೂಲಿನ ಮ್ಯಾಲೇ ಕೂಡ್ತೀನಿ. ಒಳಗ ಹೊಲಿಯಾಕತ್ತಿದ್ದು ನನ್ನ ಕೈರಿ.”

“ಕೂಡು ಮತ್ತ,” ಎಂದರು ಬಸವರಾಜು.

ಮೂಲೆಗೆ ಹೋದ. ಸ್ಟೂಲಿನ ಮೆತ್ತೆ ಆಗಲೇ ತಗ್ಗಾಗಿತ್ತು. ಆದರೂ ಕೂರಲು ಬಗ್ಗಿದ. ಕಣ್ಣಿಗೆ ಕಾಣದ ಮೊಣಕೈಯೊಂದು ಅವನ ಪಕ್ಕೆಗೆ ಬಲವಾಗಿ ತಿವಿದು ಪಕ್ಕಕ್ಕೆ ನೂಕಿತು. ಸೂಜಿ ಮಾತ್ರ ನಿಲ್ಲಲಿಲ್ಲ. ಬೋರಣ್ಣ ದೈನ್ಯದಿಂದ ಸಾವ್ಕಾರರ ಮುಖ ನೋಡಿದ.

ಬಸವರಾಜು ಲೈನಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣಾಡಿಸಿದರು. ಒಂದು ಜಾಗವೂ ಖಾಲಿ ಇರಲಿಲ್ಲ.

“ಈಗ ಹೊಸಬ್ರನ್ನ ತಗೊಳ್ಳಾಕತ್ತಿಲ್ಲಪ್ಪ,” ಎಂದರು.