ಕೈಗೆ ಕೊಡಬಾರದ ಚಾಕು

ಜೇಬಿನಲ್ಲಿ ನಾಲ್ಕು ಮಂದಿಗೆ ಉಪಯೋಗವಾಗುವ ವಸ್ತು ಇಟ್ಟುಕೊಂಡು ತಿರುಗುವವನ ಹಣೆಬರಹವೇ ಬೇರೆ. ತನ್ನ ಪಾಡಿಗೆ ತಾನು ಸುಮ್ಮನೆ ಕೂತಿದ್ದರೂ ಏನಾದರೊಂದು ಫಜೀತಿ ಅವನನ್ನು ಹುಡುಕಿಕೊಂಡು ಬರುತ್ತದೆ. ನಾನು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ, ಭಾಲ್ಕಿ, ಔರಾದ ದಾರಿಯ ಬಸ್ಸಿಗೆ ಕಂಡಕ್ಟರ್ ಆಗಿದ್ದವನು. ಆ ಬಸ್ಸಿನಲ್ಲಿ ನಡೆದ ತಮಾಷೆಗಳಿಗೆಲ್ಲ ಕಾರಣ ನಾನಲ್ಲ. ನನ್ನ ಜೇಬಿನಲ್ಲಿದ್ದ ಚಾಕು.

ಚಾಕು ಅಂದರೆ ಅದಕ್ಕೆ ಅವಮಾನವಾದೀತು. ಬೀದರಿನ ಹಳೇ ಪೇಟೆಯಲ್ಲಿ ಚಾಕು ಕತ್ತರಿ ಮಾಡುವ ಒಬ್ಬ ಉಸ್ತಾದರಿದ್ದರು. ಮೋಟಾರಿನ ಮುರಿದ ಕಮಾನುಪಟ್ಟಿ ಕಾಯಿಸಿ, ಬಡಿದು, ಎಮ್ಮೆ ಕೊಂಬಿನ ಹಿಡಿ ಹಾಕಿ ಅವರು ನನಗೆ ಅದನ್ನು ಕೈಯಾರೆ ಮಾಡಿಕೊಟ್ಟಿದ್ದರು. ಮಡಚಿದರೆ ಬೆರಳುದ್ದ. ಬಿಡಿಸಿದರೆ ಹಣ್ಣು ಕೊಯ್ಯುವ ಅಲಗು, ಅಡಕೆ ಒಡೆಯುವ ಅಲಗು, ಮುಳ್ಳು ಕೀಳುವ ಚಿಮಟ, ಗೋಣಿ ಹೊಲಿಯುವ ದಬ್ಬಣ, ತಿರುಪುಮೊಳೆ ತಿರುಗಿಸುವ ಪೇಚಕಸ್, ಕಿವಿಕಡ್ಡಿ. ಇಷ್ಟು ನಾನು ಹೇಳಿ ಮಾಡಿಸಿದ್ದು. ಏಳನೆಯದೊಂದನ್ನು ಉಸ್ತಾದರೇ ಸೇರಿಸಿದ್ದರು. ಉದ್ದಕ್ಕೆ, ತೆಳ್ಳಗೆ, ತುದಿ ಮೊಂಡು, ತುದಿಯ ಹತ್ತಿರ ಒಂದು ಸೀಳು. ಇದು ಯಾತಕ್ಕೆ ಅಂತ ಕೇಳಿದೆ. "ಇರಲಿ ಬೇಟಾ, ಕೆಲಸಕ್ಕ ಬರ್ತದ" ಅಂದರು. ಯಾವ ಕೆಲಸಕ್ಕೆ ಅಂತ ಹೇಳಲಿಲ್ಲ.

ಕೊಡುವಾಗ ಅವರು ಅದನ್ನು ನನ್ನ ಕೈಗೆ ಕೊಡಲಿಲ್ಲ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟರು. ಅಲಗಿರುವ ವಸ್ತುವನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ತಪ್ಪುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಎಷ್ಟೋ ಮಾತಿನಲ್ಲಿ ಉಸ್ತಾದರಿಗೂ ನಮ್ಮವ್ವನಿಗೂ ಹೊಂದುತ್ತಿರಲಿಲ್ಲ, ಈ ಮಾತಿನಲ್ಲಿ ಮಾತ್ರ ಇಬ್ಬರೂ ಒಂದೇ. ನಾನು ಅದನ್ನು ಎತ್ತಿಕೊಂಡ ಮೇಲೆ ಉಸ್ತಾದರು, "ಕಳಕೊಂಡ್ರ ಇನ್ನೊಂದು ಸಿಗಂಗಿಲ್ಲ. ನನ್ನ ಕಣ್ಣು ಹೋಗ್ಯಾವ, ಇಂಥ ಸಣ್ಣ ಕೆಲಸ ಇದೇ ಕಡೀದು" ಅಂದರು. ಅಂದಿನಿಂದ ಅದನ್ನು ಕಾಯುವುದೇ ನನಗೊಂದು ನೌಕರಿಯಾಯಿತು. ಟಿಕೇಟಿನ ಚೀಲ ಮರೆತು ಬಂದ ದಿನಗಳಿವೆ, ಚಾಕು ಮರೆತದ್ದಿಲ್ಲ.

ನಿಂತ ಗಾಡಿ

ಆಗ ಔರಾದಿನ ದಾರಿಗೆ ರಸ್ತೆ ಅನ್ನುವುದು ಬರೀ ಮರ್ಯಾದೆಯ ಮಾತು. ಬಸ್ಸು ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬೀಳುತ್ತಿತ್ತು. ಒಂದು ದಿನ ಎಕಂಬಾದ ಕುರಿ ಕಾಯುವ ಅಜ್ಜ ಚಾಕು ಕೇಳಿದರು. ಕಾಲಿಗೆ ಮುಳ್ಳು ಚುಚ್ಚಿರಬೇಕು ಅಂದುಕೊಂಡು ಸೀಟಿನ ಮೇಲೆ ಇಟ್ಟೆ. ಅಜ್ಜ ಅದನ್ನೆತ್ತಿಕೊಂಡು ಕಿವಿಕಡ್ಡಿ ಬಿಡಿಸಿ, ಕಿವಿಯೊಳಗೆ ಹಾಕಿ, ಸುಖವಾಗಿ ಕಣ್ಣು ಮುಚ್ಚಿದರು. ಮುಂದೆ ನೋಡಿದರೆ ಎತ್ತು ಮಲಗುವಷ್ಟು ದೊಡ್ಡ ಗುಂಡಿ.

ಗಾಡಿ ನಿಲ್ಲಿಸು ಅಂತ ಕೂಗಿಕೊಂಡೆ. ಡ್ರೈವರು ಬ್ರೇಕು ಒತ್ತಿದ. ಅಜ್ಜ ಒಂದು ಕಣ್ಣು ತೆರೆದು ಆಚೀಚೆ ನೋಡಿ, "ನಿಂತದೇನು? ಚಲೋ ಆತು. ಆ ಕಿವೀನೂ ಮುಗಸ್ತೇನಿ" ಅಂದರು.

ಅವರದು ಮುಗಿಯುವ ಹೊತ್ತಿಗೆ ಪಕ್ಕದವನು, ಹ್ಯಾಂಗೂ ಗಾಡಿ ನಿಂತದಲ್ಲ, ನಂದೂ ಒಂದು ಆಗಲಿ ಅಂದ. ಅವನ ಹಿಂದಿನವನಿಗೂ ಅದೇ ಬುದ್ಧಿ ಬಂತು. ಚಾಕು ಸೀಟಿನಿಂದ ಸೀಟಿಗೆ ಹೊರಟಿತು. ನಾನು ಅದರ ಬೆನ್ನು ಹತ್ತಿ ಹೋಗುತ್ತ, ಒರೆಸಿ ಇಡ್ರಿ, ಜೋಪಾನ ಅನ್ನುತ್ತಿದ್ದೆ. ಡ್ರೈವರು ಎದ್ದು ಬಂದಾಗ ಬೈಯಲು ಬಂದ ಅಂದುಕೊಂಡೆ. ಅವನು ಬಂದು ಕೊನೆಯ ಸೀಟಿನಲ್ಲಿ ಸರದಿಗೆ ಕೂತ.

ಔರಾದ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮರುದಿನ ಡಿಪೋದ ಸಾಹೇಬರು ಕರೆಸಿ, ಇಷ್ಟು ತಡ ಯಾಕ ಅಂತ ಗದರಿದರು. ಸುಳ್ಳು ಹೊಳೆಯದೆ ಇದ್ದದ್ದನ್ನೇ ಹೇಳಿಬಿಟ್ಟೆ. ಸಾಹೇಬರು ಜವಾನನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ದನಿ ಇಳಿಸಿದರು.

"ಈ ಎಡಗಿವಿ ಎರಡು ದಿನದಿಂದ ಗುಂಯ್ ಅನ್ಲಕತ್ಯಾದ. ಮೇಜಿನ ಮ್ಯಾಲ ಇಡು."

ಸಾಹುಕಾರರ ಭಕ್ತಿ

ಭಾಲ್ಕಿಯ ಒಬ್ಬ ಸಾಹುಕಾರರು ನಮ್ಮ ಬಸ್ಸಿನ ಖಾಯಂ ಗಿರಾಕಿ. ಒಂದು ಟಿಕೇಟು ತೆಗೆದುಕೊಂಡು ಎರಡು ಸೀಟು ಹಿಡಿಯುವ ಮೈಕಟ್ಟು. ಒಮ್ಮೆ ಒಬ್ಬ ಹೆಣ್ಣುಮಗಳು ಹರಿದ ಗೋಣಿ ಹೊಲಿಯಲು ದಬ್ಬಣ ಇಸಕೊಂಡಿದ್ದಳು. ಹೊಲಿದಾದ ಮೇಲೆ ರೂಢಿಯಂತೆ ನನ್ನ ಕೈಗೆ ಕೊಡದೆ ಖಾಲಿ ಸೀಟಿನ ಮೇಲೆ ಇಟ್ಟಳು. ದಬ್ಬಣ ಮಡಚಿರಲಿಲ್ಲ. ನಾನು ಎತ್ತಿಕೊಳ್ಳುವಷ್ಟರಲ್ಲಿ ಸಾಹುಕಾರರು ಹತ್ತಿ ಬಂದು ಅಲ್ಲಿಯೇ ಕೂತರು.

ಕೂತದ್ದು ಕಂಡಿತು, ಎದ್ದದ್ದು ಯಾರಿಗೂ ಕಾಣಲಿಲ್ಲ. ಅಷ್ಟು ಚುರುಕಾಗಿ ಆ ಮೈ ಏಳಬಹುದು ಅಂತ ಯಾರೂ ತಿಳಿದಿರಲಿಲ್ಲ. ನನ್ನ ಚಿಂತೆ ಎಲ್ಲ ಚಾಕುವಿನದು. ಆ ಭಾರಕ್ಕೆ ದಬ್ಬಣ ಬಾಗಿತೋ ಏನೋ. ಸಾಹುಕಾರರು ಹಿಂದೆ ಸವರಿಕೊಳ್ಳುತ್ತಿದ್ದಾಗ ಮೆಲ್ಲಗೆ ಎತ್ತಿ ನೋಡಿದೆ, ಕೂದಲಷ್ಟೂ ಬಾಗಿರಲಿಲ್ಲ. ಉಸ್ತಾದರ ಕೈ ಅಂದರೆ ಕೈ.

ಅಂದಿನಿಂದ ಸಾಹುಕಾರರು ಕೂಡುವ ಮೊದಲು ಸೀಟಿಗೆ ಬಗ್ಗಿ, ಅಂಗೈಯಿಂದ ಮೆಲ್ಲಗೆ ಸವರಿ ನೋಡಿ ಕೂಡುವುದನ್ನು ರೂಢಿ ಮಾಡಿಕೊಂಡರು. ಹಿಂದಿನ ಕಥೆ ಗೊತ್ತಿಲ್ಲದವರು ಅದನ್ನು ಬೇರೆ ರೀತಿ ತಿಳಿದರು. ಇಷ್ಟು ದೊಡ್ಡ ಮನುಷ್ಯರು ಬಸ್ಸಿಗೆ ನಮಸ್ಕಾರ ಮಾಡಿ ಕೂಡುತ್ತಾರೆ, ನಾವು ಯಾವ ಲೆಕ್ಕ ಅಂತ ಅವರೂ ಶುರು ಮಾಡಿದರು. ಸ್ವಲ್ಪ ದಿನದಲ್ಲಿ ಭಾಲ್ಕಿಯಲ್ಲಿ ಹತ್ತುವವರೆಲ್ಲ ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂಡುವುದಾಯಿತು. ಒಬ್ಬಾಕೆ ಅಂತೂ ಕುಂಕುಮ ಹಚ್ಚಿ ಹೋಗಿದ್ದಳು.

ಹತ್ಯಾರ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ದಿನಗಳಲ್ಲಿ ನಗುವಂಥದ್ದು ಕಡಿಮೆಯೇ. ಬಸ್ಸಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡದೆ ಕೂಡುತ್ತಿದ್ದರು. ಉಸ್ತಾದರ ಓಣಿಯಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿಯೇ ಇದ್ದವು. ನಾನು ದಿನಾ ಆ ಕಡೆಯಿಂದ ಹಾದು ಅವರ ಸುತ್ತಿಗೆಯ ಸಪ್ಪಳ ಕೇಳಿಯೇ ಡಿಪೋಕ್ಕೆ ಹೋಗುತ್ತಿದ್ದೆ. ಸಪ್ಪಳ ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅದೇ ಹೊತ್ತಿಗೆ ಹತ್ಯಾರ, ಅಂದರೆ ಆಯುಧ, ಇದ್ದವರು ತಂದು ಒಪ್ಪಿಸಬೇಕು ಅಂತ ಹುಕುಂ ಬಂತು. ಭಾಲ್ಕಿ ದಾರಿಯಲ್ಲಿ ಬಸ್ಸು ತಡೆದು ತಪಾಸಣೆ ನಡೆಯುತ್ತಿತ್ತು. ಬಂದ ಪೊಲೀಸರು ದೂರದ ಪ್ರಾಂತದವರು. ಅವರ ಮಾತು ನಮಗೆ ಬಾರದು, ನಮ್ಮದು ಅವರಿಗೆ ಬಾರದು, ಹರಕು ಮುರುಕು ಹಿಂದಿಯಲ್ಲಿ ವ್ಯವಹಾರ. ಒಬ್ಬ ಪೊಲೀಸನು ನನ್ನ ಜೇಬು ಮುಟ್ಟಿ ನೋಡಿ, ತೆಗೆ ಅಂತ ಕೈ ಚಾಚಿದ. ಪೊಲೀಸರ ಜೊತೆ ಜಗಳ ಯಾರಿಗೆ ಬೇಕು? ಚಾಕು ತೆಗೆದು, ಬಗ್ಗಿ, ಅವನ ಬೂಟಿನ ಮುಂದೆ ನೆಲಕ್ಕೆ ಇಟ್ಟು ಹಿಂದೆ ಸರಿದೆ.

ಬಸ್ಸಿನವರು ಅದನ್ನು ನೋಡಿದರು. ಒಪ್ಪಿಸುವುದು ಅಂದರೆ ಹೀಗೇ ಇರಬೇಕು ಅಂತ ಒಬ್ಬೊಬ್ಬರಾಗಿ ಇಳಿದು ತಮ್ಮಲ್ಲಿದ್ದ ಕಬ್ಬಿಣವನ್ನೆಲ್ಲ ತಂದು ಅವನ ಕಾಲ ಮುಂದೆ ಇಡತೊಡಗಿದರು. ಕುಡುಗೋಲು, ಉಣ್ಣೆ ಕತ್ತರಿ, ಅಡಕೊತ್ತು, ರೊಟ್ಟಿ ಹಂಚು, ಎತ್ತಿನ ಗಂಟೆ. ಒಬ್ಬ ಅಜ್ಜಿ ತನ್ನ ಸಂದೂಕದ ಕೀಲಿ ಇಟ್ಟು ಕೈ ಮುಗಿದಳು. ಪೊಲೀಸನು ಬೇಡ ಬೇಡ ಅನ್ನುತ್ತಲೇ ಮೊಣಕಾಲುದ್ದ ಗುಡ್ಡೆಯ ಹಿಂದೆ ಸಿಕ್ಕಿಕೊಂಡ.

ಗದ್ದಲ ಕೇಳಿ ಅವನ ಮೇಲಿನ ದೊಡ್ಡ ಮೀಸೆಯ ಅಧಿಕಾರಿ ಬಂದರು. ಎಲ್ಲರದೂ ವಾಪಸ್ ಕೊಡಿಸಿದರು, ನನ್ನ ಚಾಕು ಮಾತ್ರ ಹಿಡಿದುಕೊಂಡರು. ಒಂದೊಂದೇ ಬಿಡಿಸಿ ಇದು ಯಾತಕ್ಕೆ, ಇದು ಯಾತಕ್ಕೆ ಅಂತ ಕೇಳಿದರು. ಆರಕ್ಕೆ ಉತ್ತರ ಹೇಳಿದೆ. ಏಳನೆಯದಕ್ಕೆ, ಗೊತ್ತಿಲ್ಲ ಸಾಹೇಬ್ರ ಅಂದೆ. ಅವರ ಮೀಸೆ ನೆಟ್ಟಗಾಯಿತು. ಚಾಕು ಹೋಯಿತು, ಜೊತೆಗೆ ನಾನೂ ಹೋದೆ ಅಂದುಕೊಂಡೆ. ಬಸ್ಸಿನವರು ನನ್ನನ್ನು ಬಿಡಿಸಲು ಮುಂದೆ ಬಂದರು. ಒಬ್ಬ ಅದು ಕುರಿಯ ಗೊರಸಿಗೆ ಅಂದ, ಇನ್ನೊಬ್ಬ ಹುಕ್ಕಾ ನಳಿಗೆಗೆ ಅಂದ, ಮತ್ತೊಬ್ಬ ಬೆಲ್ಲದ ಪಾಕ ನೋಡಲು ಅಂದ. ಒಬ್ಬೊಬ್ಬರು ಬಾಯಿ ತೆರೆದಂತೆ ನನ್ನ ಮೇಲಿನ ಸಂಶಯ ಹೆಚ್ಚಾಯಿತು.

ಕೊನೆಗೆ ಕೀಲಿಯ ಅಜ್ಜಿ ಹಿಂದಿಗೂ ಕನ್ನಡಕ್ಕೂ ಗಂಟು ಹಾಕಿ, "ಹತ್ಯಾರ ಯಾತಕ್ಕಂತ ಸಣ್ಣ ಕೂಸಿಗೂ ಗೊತ್ತಿರ್ತದ ಸಾಹೇಬ್ರ. ಇದು ಯಾತಕ್ಕಂತ ಯಾರಿಗೂ ಗೊತ್ತಿಲ್ಲ. ಹ್ಯಾಂಗ ಹತ್ಯಾರ ಆಗ್ತದ?" ಅಂದಳು.

ಅಧಿಕಾರಿಗೆ ಎಷ್ಟು ತಿಳಿಯಿತೋ, ನಗು ಬಂತು. ಚಾಕು ಮಡಚಿ, ತಗೋ ಅಂತ ಕೈ ಚಾಚಿದರು. ನಾನು ತಗೊಳ್ಳಲಿಲ್ಲ, ನೆಲ ತೋರಿಸಿದೆ. ಅವರು ಮತ್ತೆ ಚಾಚಿದರು, ನಾನು ಮತ್ತೆ ನೆಲ ತೋರಿಸಿದೆ. ಸಾಯುವತನಕ ಪೊಲೀಸರ ಜೊತೆ ಜಗಳಕ್ಕಿಂತ ಇದೇ ಮೇಲು. ಬೀದರ ಜಿಲ್ಲೆಯನ್ನು ನಡುಗಿಸುತ್ತಿದ್ದ ಆ ಮೀಸೆ ಕೊನೆಗೂ, ಬಸ್ಸಿನವರೆಲ್ಲ ನೋಡುತ್ತಿರುವಾಗ ಸೊಂಟ ಬಗ್ಗಿಸಿ ಒಬ್ಬ ಕಂಡಕ್ಟರನ ಕಾಲ ಮುಂದೆ ಚಾಕು ಇಟ್ಟಿತು. ಆ ವರ್ಷ ನಮ್ಮ ಬಸ್ಸಿನಲ್ಲಿ ಜನ ಬಾಯಿ ಬಿಟ್ಟು ನಕ್ಕದ್ದು ಅದೇ ಮೊದಲು. ನಕ್ಕದ್ದು ಮಾತ್ರ ಬಸ್ಸು ತಿರುವು ದಾಟಿದ ಮೇಲೆ.

ಚಿಂತಾಕಿಯ ಹಿತ್ತಲು

ನನಗೆ ಹೆಣ್ಣು ಕೊಡಲು ಯಾರೂ ಒಪ್ಪುತ್ತಿರಲಿಲ್ಲ. ಕಂಡಕ್ಟರ್ ಅಂದರೆ ಇವತ್ತು ಈ ಊರು, ನಾಳೆ ಆ ಊರು, ಇವನ ಮನಿ ಬಸ್ಸೇ ಅಂತ ಎರಡು ಕಡೆ ಮುಖದ ಮೇಲೆ ಹೇಳಿದ್ದರು. ಅವ್ವ ಹಟ ಹಿಡಿದು ಚಿಂತಾಕಿಯಲ್ಲಿ ಒಂದು ಮನೆ ಹುಡುಕಿದಳು. ನನಗೆ ಹೊಸ ಪಾಯಜಾಮ ಹೊಲಿಸಿ, ಗಂಜಿ ಹಾಕಿಸಿ, ನಿಂತರೆ ಪಾಯಜಾಮವೇ ನಿಂತಂತೆ ಕಾಣುವ ಹಾಗೆ ಮಾಡಿ ಕರೆದೊಯ್ದಳು.

ಹುಡುಗಿ ಬಂದು ಚಹಾ ಕೊಟ್ಟು ಒಳಗೆ ಹೋದಳು. ನೋಡಿದ್ದು ಗಳಿಗೆ ಹೊತ್ತು, ನನಗೆ ಮನಸ್ಸಿಗೆ ಬಂದುಬಿಟ್ಟಿತು. ಅವಳ ಅಪ್ಪ ಎಲೆ ಅಡಕೆ ತಟ್ಟೆ ಮುಂದಿಟ್ಟರು. ಅಡಕೊತ್ತು ಸಿಗಲಿಲ್ಲ. ನಾನು ಜಂಬದಿಂದ ನನ್ನ ಚಾಕು ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟೆ. ಅವರು ಎತ್ತಿಕೊಂಡು ಅಡಕೆ ಒಡೆದರು, ಬಿಡಿಸಿದರು, ಮಡಚಿದರು, ಹೊಗಳಿದರು. ಕೆಳಗೆ ಮಾತ್ರ ಇಡಲಿಲ್ಲ. ಮಾತಾಡುತ್ತ ಆಡುತ್ತ ಅದು ಅವರ ಅಂಗಿಯ ಜೇಬಿಗೆ ಹೋಯಿತು. ಕೇಳಿದರೆ ಹೆಣ್ಣು ಹೋಗುತ್ತದೆ, ಕೇಳದಿದ್ದರೆ ಚಾಕು ಹೋಗುತ್ತದೆ. ಈ ಸಂಕಟದಲ್ಲಿ ಕೊಟ್ಟ ಚಹಾ ಎಲ್ಲ ಕುಡಿದೆ. ಕುಡಿದ ಚಹಾ ಹಿತ್ತಲಿಗೆ ಕರೆಯಿತು.

ಹಿತ್ತಲಿನಲ್ಲಿ ಕೆಲಸ ಮುಗಿಸಿ ಲಾಡಿ ಎಳೆದರೆ ಒಂದು ತುದಿ ಸರ್ರನೆ ಪಾಯಜಾಮದ ಅಂಚಿನೊಳಗೆ ಹೋಗಿಬಿಟ್ಟಿತು. ಹೊಸ ಬಟ್ಟೆ, ಗಂಜಿ ಬೇರೆ. ಬೆರಳು ಹಾಕಿದರೆ ಹೋಗದು, ಕಡ್ಡಿ ಹಾಕಿದರೆ ಮುರಿಯಿತು. ಒಂದು ಕೈಯಲ್ಲಿ ಪಾಯಜಾಮ ಹಿಡಿದು ನಿಂತೆ. ಒಳಗೆ ಅವ್ವ ನನ್ನ ಗುಣಗಾನ ಮಾಡುತ್ತಿದ್ದದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಹುಡುಗಿ ಎಮ್ಮೆಗೆ ನೀರು ಕುಡಿಸಲು ಬಂದಳು. ನಾನು ಗೋಡೆಯ ಕಡೆ ತಿರುಗಿ, ನಿಮ್ಮ ಅಪ್ಪಾರ ಹತ್ರ ನನ್ನ ಚಾಕು ಅದರಿ, ಸ್ವಲ್ಪ ತಂದುಕೊಡ್ರಿ ಅಂದೆ. ಯಾತಕ್ಕ ಅಂತ ಕೇಳಿದಳು. ನಾನು ಪಾಯಜಾಮ ಇನ್ನೂ ಬಿಗಿ ಹಿಡಿದೆ. ಅವಳು ನನ್ನ ಕೈ ಎಲ್ಲಿದೆ ಅಂತ ನೋಡಿದಳು, ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಹೋಯಿತು ಸಂಬಂಧ ಅಂದುಕೊಂಡೆ. ಆದರೆ ತಿರುಗಿ ಬಂದಳು, ಅಪ್ಪನಿಂದ ಚಾಕು ಇಸಕೊಂಡು ತಂದಿದ್ದಳು, ಕೈ ಚಾಚಿದಳು.

"ಕೆಳಗ ಇಡ್ರಿ, ಕೈಯಾಗ ಕೊಡಬಾರದು" ಅಂದೆ.

"ಕೆಳಗ ಇಟ್ರ ನೀವು ಬಗ್ಗಬೇಕಾಗ್ತದ. ಈ ಹಾಲತ್ತಿನಾಗ ಬಗ್ಗತೀರೇನು? ಹಿಡೀರಿ ಸುಮ್ನ."

ಹಿಡಿದೆ. ಕೈಯಿಂದ ಕೈಗೆ.

ಅವಳು ಎಮ್ಮೆಯ ಆ ಕಡೆ ಹೋದ ಮೇಲೆ ಒಂದೊಂದೇ ಅಲಗು ಬಿಡಿಸಿದೆ. ಚಿಮಟ ಗಿಡ್ಡ, ದಬ್ಬಣ ಚುಚ್ಚುತ್ತದೆ. ಏಳನೆಯದನ್ನು ಬಿಡಿಸಿ ನೋಡಿದೆ. ಉದ್ದಕ್ಕೆ, ತೆಳ್ಳಗೆ, ತುದಿ ಮೊಂಡು. ಲಾಡಿಯನ್ನು ಪೂರ್ತಿ ಹೊರಗೆ ಎಳೆದು, ತುದಿಯನ್ನು ಸೀಳಿಗೆ ಸಿಗಿಸಿ ಅಂಚಿನೊಳಗೆ ತೂರಿಸಿದರೆ ಬೆಣ್ಣೆಯಲ್ಲಿ ಹೋದಂತೆ ಹೋಗಿ ಆ ಕಡೆ ಬಂತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಲಾಡಿಗೆ ಎರಡು ಗಂಟು ಹಾಕಿ, ಹೊಸ ಮದುಮಗನ ಗತ್ತಿನಲ್ಲಿ ಒಳಗೆ ಹೋದೆ.

ಸಂಬಂಧ ಕೂಡಿತು. ಹೇಗೆ ಕೂಡಿತು ಅಂತ ಲಗ್ನವಾದ ಮೇಲೆ ತಿಳಿಯಿತು. ಅವರವ್ವ, ಹುಡುಗ ಹ್ಯಾಂಗಿದ್ದಾನ ಅಂತ ಕೇಳಿದ್ದಕ್ಕೆ ಇವಳು, "ಒಂದು ಕೈಯಾಗ ಪಾಯಜಾಮ ಹಿಡಕೊಂಡು ನಿಂತಾಗೂ ನನಗ 'ರೀ' ಅಂತ ಮಾತಾಡಿದ. ನಡೀತದ" ಅಂದಿದ್ದಳಂತೆ.

ಉಸ್ತಾದರ ಹತ್ತಿರ ಓಡಿ ಹೋಗಿ, ಏಳನೆಯದು ಲಾಡಿ ಪೋಣಿಸಲು ಅಂತ ಈಗ ಗೊತ್ತಾಯಿತು, ನಿಮ್ಮಷ್ಟು ದೂರದ ವಿಚಾರ ಯಾರಿಗೂ ಇಲ್ಲ ಅಂದೆ. ಅವರು ಸುತ್ತಿಗೆ ಕೆಳಗಿಟ್ಟು, "ಹೌದೇನು? ಬಡಿವಾಗ ಒಂದು ಅಲಗು ಸೀಳಿ ಕೆಟ್ಟಿತ್ತು ಬೇಟಾ. ಬಿಸಾಡಾಕ ಮನಸ್ಸಾಗಲಿಲ್ಲ, ಸೇರಿಸಿಬಿಟ್ಟೆ" ಅಂದರು.

ಅಲಗಿನ ಮಾತು ಮಾತ್ರ ಸುಳ್ಳಾಗಲಿಲ್ಲ. ಲಗ್ನವಾದ ದಿನದಿಂದ ಇವತ್ತಿನ ತನಕ ನಮ್ಮ ಮನೆಯಲ್ಲಿ ಜಗಳ ನಿಂತಿಲ್ಲ. ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ, ಸರಿಯಾಗಿದ್ದರೆ ನಾನು ಹೊಗಳಲಿಲ್ಲ ಅಂತ ಜಗಳ. ಅವ್ವ ಇರುವ ತನಕವೂ ನಮ್ಮಿಬ್ಬರನ್ನು ನೋಡಿ, ಹಿತ್ತಲಿನಲ್ಲಿ ಕೈಯಾಗ ಕೊಟ್ಟಿದ್ದರ ಫಲ ಅನ್ನುತ್ತಿದ್ದಳು.

ಚಾಕು ಕಳೆದಿಲ್ಲ. ನನ್ನ ಜೇಬಿನಿಂದ ಅವಳ ಸೊಂಟಕ್ಕೆ ಹೋಗಿದೆ, ಅಷ್ಟೆ. ನಾನು ಕೇಳಿದರೆ ತೆಗೆದು ನೆಲದ ಮೇಲೆ ಇಡುತ್ತಾಳೆ. ಮೊನ್ನೆ ಮೊಣಕಾಲು ನೋವು, ಬಗ್ಗಲು ಆಗದು, ಅವತ್ತಿನ ಹಾಗೆ ಕೈಗೇ ಕೊಡಬಾರದೇನು ಅಂದೆ.

"ಅವತ್ತಿನ ಜಗಳಾನೇ ಇನ್ನಾ ಮುಗದಿಲ್ಲ. ಮತ್ತ ಹೊಸದು ಯಾಕ್ರಿ?" ಅಂದಳು.