ಬೀಗದ ಕೈ ಕಂಪನಿಯ ಹತ್ತಿರ

ನಮ್ಮ ಭಾವ ವೇಗದ ಕಾರು ಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾಮೂಲು ದಿನ ಅಂತ ಒಂದೂ ಬಂದಿಲ್ಲ. ಅವರು ನನ್ನ ಅಕ್ಕನ ಗಂಡ, ತಮಿಳು ಸೀಮೆಯ ಓಡೈಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ನಾವು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದವರು. ನಾನು ತೇನಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತೇನೆ. ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ತಪ್ಪಿಗೆ, ಆ ಕಾರು ಹೋದಲ್ಲೆಲ್ಲ ನಾನೂ ಹೋಗಬೇಕಾಯಿತು.

ಹಿಂದಿನಿಂದ ಬಂದ ಲಾರಿ

ಕಾರು ಬಂದ ಹೊಸದರಲ್ಲಿ ಭಾವ ನನ್ನನ್ನು ಕೂರಿಸಿಕೊಂಡು ಬತ್ತಲಗುಂಡಿನ ಕಡೆಯಿಂದ ಕೊಡೈಕನಾಲ್ ಘಾಟಿ ಹತ್ತಿದರು. ಮೂರನೆಯ ತಿರುವಿನ ನಂತರ ಹಿಂದೆ ಹಾರ್ನ್ ಕೇಳಿತು. ನಮ್ಮೂರಿನದೇ ಮಿನಿ ಲಾರಿ, ಮೈತುಂಬ ದ್ರಾಕ್ಷಿ ಪೆಟ್ಟಿಗೆ. ಅದು ನಮ್ಮನ್ನು ದಾಟಿತು. ಡ್ರೈವರ್ ಮರ್ಯಾದೆಯಿಂದ ಕೈಯನ್ನೂ ಎತ್ತಿದ.

ಮಾರನೆಯ ದಿನದಿಂದ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ‘ಕಾರು ಘಾಟಿ ಹತ್ತಿತಾ, ಇನ್ನೂ ಹತ್ತುತಾ ಐತಾ?’ ಭಾವ ಟೀ ಕುಡಿಯುವುದನ್ನು ಮನೆಗೆ ವರ್ಗಾಯಿಸಿದರು. ಲಾರಿಯನ್ನು ಒಂದು ಸಲ ಹಿಂದೆ ಹಾಕದೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದರು.

ಲಾರಿಯಲ್ಲಿದ್ದದ್ದು ಅವರದೇ ತೋಟದ ದ್ರಾಕ್ಷಿ. ಮಧ್ಯಾಹ್ನದೊಳಗೆ ಮೇಲಿರಬೇಕು, ಎಲ್ಲೂ ನಿಲ್ಲಬೇಡ ಎಂದು ಆ ದಿನ ಬೆಳಿಗ್ಗೆ ಡ್ರೈವರಿಗೆ ಫೋನ್ ಮಾಡಿ ಬೈದವರೂ ಅವರೇ.

ದೇವರ ಎತ್ತು

ಇದೇ ಎಂಜಿನ್ ಹೊರದೇಶದಲ್ಲಿ ಇನ್ನೂ ಜೋರಾಗಿ ಎಳೆಯುತ್ತದೆ, ಇಲ್ಲಿ ಕಂಪನಿಯವರು ಸಾಫ್ಟ್‌ವೇರ್ ಹಾಕಿ ಹಿಡಿದಿಟ್ಟಿದ್ದಾರೆ ಎಂದು ಭಾವ ಯಾವುದೋ ವಿಡಿಯೊದಲ್ಲಿ ನೋಡಿದರು. ಇಬ್ಬರೂ ಮದುರೆಯ ಸರ್ವೀಸ್ ಸೆಂಟರಿಗೆ ಹೋದೆವು. ಮ್ಯಾನೇಜರ್ ಟೈ ಕಟ್ಟಿದ್ದ, ಕಾಫಿ ಕೊಡಿಸಿದ, ಹೌದು ಎಂದೂ ಒಪ್ಪಿಕೊಂಡ. ಶಕ್ತಿ ಒಳಗೆ ಇದೆ. ಆದರೆ ಹೊರಗಿನವರು ಕಾರಿನ ಕಂಪ್ಯೂಟರ್ ಮುಟ್ಟಿದರೆ ವಾರಂಟಿ ಹೋಗುತ್ತದೆ. ಹಾಗಾದರೆ ನೀವೇ ಬಿಚ್ಚಿ ಕೊಡಿ ಎಂದರು ಭಾವ. ಅದಕ್ಕೆ ನಮಗೂ ಅನುಮತಿ ಇಲ್ಲ ಎಂದ.

ಮನೆಗೆ ಬಂದು ಇದನ್ನೆಲ್ಲ ಭಾವನ ದೊಡ್ಡಪ್ಪನಿಗೆ ವಿವರಿಸಿದೆ. ನಮ್ಮ ಕಡೆ ಕಂಬ ಎಂಬ ಊರಿನಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡ ಮಂದೆಯಿದೆ. ಅವನ್ನು ಯಾರೂ ಉಳುಮೆಗೆ ಕಟ್ಟುವುದಿಲ್ಲ. ದೊಡ್ಡಪ್ಪ ಆ ಮಂದೆಗೆ ಹುಲ್ಲು ಹೊತ್ತು ಬೆಳೆದವರು.

‘ಮೈ ತೊಳೀಬೇಕು, ಹೊಟ್ಟೆಗೆ ಹಾಕ್ಬೇಕು, ಕೈ ಮುಗೀಬೇಕು, ನೊಗ ಮಾತ್ರ ಇಡಂಗಿಲ್ಲ. ಅಷ್ಟೇ ತಾನೆ?’ ಎಂದು ಕೇಳಿದರು. ‘ಇದಕ್ಕೆ ಮದುರೆಗಂಟ ಯಾಕೆ ಹೋದ್ರಿ?’

ದಿಂಡಿಗಲ್

ದಿಂಡಿಗಲ್ಲಿನಲ್ಲಿ ಒಬ್ಬ ಇಂಥ ಸಾಫ್ಟ್‌ವೇರ್ ಬಿಚ್ಚಿ, ಕದ್ದುಮುಚ್ಚಿ ಕಾರು ಟ್ಯೂನ್ ಮಾಡಿಕೊಡುತ್ತಾನೆ ಎಂದು ಗೊತ್ತಾಯಿತು. ಅವನ ಶೆಡ್ಡು ಬೀಗ ಮಾಡುವ ಬೀದಿಯಲ್ಲಿತ್ತು. ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಕಂಪನಿಯವರು ಭದ್ರವಾಗಿ ಬೀಗ ಹಾಕಿದ್ದಾರೆ, ಮೂರು ಗಂಟೆ ಬೇಕು ಎಂದ. ಪಕ್ಕದಲ್ಲಿ ಕುಳಿತು ಅರ ಉಜ್ಜುತ್ತಿದ್ದ ಬೀಗದ ಮುದುಕ ತಲೆಯೆತ್ತಿದ. ಮಾತೆಲ್ಲ ತಮಿಳಿನಲ್ಲಿ ನಡೆಯಿತು.

‘ಬೀಗದ ಕೈ ಯಾರ ಹತ್ರ ಇದೆ?’

‘ಕಂಪನಿ ಹತ್ರ,’ ಎಂದರು ಭಾವ.

‘ಗಾಡಿ ಯಾರದು?’

‘ನಂದು.’

ಮುದುಕ ಸ್ವಲ್ಪ ಹೊತ್ತು ಅರ ಉಜ್ಜಿದ. ‘ನಮ್ಮ ತಾತನ ಕಾಲದಿಂದ ಬೀಗ ಮಾಡ್ತಿದ್ದೀವಿ. ಬೀಗ ಮಾರಿ ಕೈ ನಾವೇ ಇಟ್ಕೋಬಹುದು ಅಂತ ಒಬ್ಬನಿಗೂ ಹೊಳೀಲಿಲ್ಲ ನೋಡಿ.’

ಎರಡು ಸಾಲು

ಟ್ಯೂನ್ ಆಯಿತು. ಕಾರು ನಿಜವಾಗಿಯೂ ಜೋರಾಯಿತು, ಸುಳ್ಳು ಹೇಳಬಾರದು. ಲಾರಿಯನ್ನು ಹುಡುಕಿಕೊಂಡು ಹೋಗುವ ಮೊದಲೇ ಸರ್ವೀಸಿನ ದಿನ ಬಂತು. ಮದುರೆಯಲ್ಲಿ ಭಾವ ಫೋನಿನಲ್ಲಿ ದ್ರಾಕ್ಷಿ ವ್ಯಾಪಾರಿಯ ಜತೆ ಜಗಳಕ್ಕೆ ನಿಂತಿದ್ದರು. ಮೆಕ್ಯಾನಿಕ್ ಕಾಗದವನ್ನು ನನ್ನ ಕೈಗೆ ಕೊಟ್ಟ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಸಾಫ್ಟ್‌ವೇರನ್ನು ಕಂಪನಿಯ ಮೂಲ ಸ್ಥಿತಿಗೆ ತರಲಾಗಿದೆ, ಇನ್ನೊಮ್ಮೆ ಮುಟ್ಟಿದ್ದು ಕಂಡರೆ ವಾರಂಟಿ ರದ್ದು.

ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ನನ್ನನ್ನು ಕಾರಿಗೆ ಹತ್ತಿಸಿಕೊಂಡು, ಗೇಟು ದಾಟಿ ಆಕ್ಸಿಲರೇಟರ್ ಒತ್ತಿದರು.

‘ನೋಡ್ದ್ಯಾ ಮಾಪ್ಳೆ, ಹೆಂಗೆ ಎಳೀತದೆ!’ ಹೆಂಡತಿಯ ತಮ್ಮನಾದ ನನ್ನನ್ನು ಅವರು ಕರೆಯುವುದು ಹಾಗೆ.

ದೇವಸ್ಥಾನದ ಹೊರಗೆ ಇಷ್ಟು ದೊಡ್ಡ ನಂಬಿಕೆಯನ್ನು ನಾನು ಕಂಡಿರಲಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮತ್ತೆ ಘಾಟಿ

ಮುಂದಿನ ತಿಂಗಳು ಕೊಡೈಕನಾಲಿನಲ್ಲಿ ನೆಂಟರ ಗೃಹಪ್ರವೇಶ. ಹಿಂದಿನ ದಿನ ಭಾವ ದ್ರಾಕ್ಷಿ ಚಪ್ಪರದ ಕಂಬ ಎಳೆಯಲು ಹೋಗಿ ಬಲಗೈ ಉಳುಕಿಸಿಕೊಂಡಿದ್ದರು. ಅಕ್ಕ ಸ್ಟೀರಿಂಗ್ ಹಿಡಿದಳು. ಮದುವೆಗೆ ಮುಂಚೆ ಹನುಮಂತನಪಟ್ಟಿಯಲ್ಲಿ ನಮ್ಮಪ್ಪನ ಗದ್ದೆಯ ಟ್ರ್ಯಾಕ್ಟರ್ ಓಡಿಸಿದವಳು. ಈ ಕಾರನ್ನು ಭಾವ ಅವಳ ಕೈಗೆ ಕೊಟ್ಟಿದ್ದು ಅದೇ ಮೊದಲು.

ಅರ್ಧ ಘಾಟಿಯಲ್ಲಿ ಮುಂದೆ ಅದೇ ಲಾರಿ ಕಂಡಿತು. ಭಾವ ಸೀಟಿನ ತುದಿಗೆ ಬಂದರು. ಈಗ ಹೋಗು, ಈಗ ಬೇಡ, ಈಗ ಹೋಗು ಎಂದು ಎರಡು ತಿರುವು ಪೂರ್ತಿ ಹೇಳಿದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ರಸ್ತೆ ಬರುವವರೆಗೆ ಸುಮ್ಮನಿದ್ದು, ಗೇರ್ ಇಳಿಸಿ, ಲಾರಿಯನ್ನು ಎಮ್ಮೆಯನ್ನು ದಾಟಿದಷ್ಟು ಸಲೀಸಾಗಿ ದಾಟಿದಳು. ಭಾವ ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಡ್ರೈವರಿಗೆ ಮರ್ಯಾದೆಯಿಂದ ಎತ್ತಿ ತೋರಿಸಿದರು.

ಮೇಲೆ ಟೀ ಕುಡಿಯಲು ನಿಲ್ಲಿಸಿದೆವು. ಲಾರಿಯೂ ಬಂದು ನಿಂತಿತು. ಡ್ರೈವರ್ ಇಳಿದು ಅಕ್ಕನನ್ನು ನೋಡಿ, ‘ಚೆನ್ನಾಗಿ ಓಡಿಸಿದ್ರಿ ಅಕ್ಕಾ’ ಎಂದ.

‘ಓಡಿಸೋದರಲ್ಲಿ ಏನೈತೆ,’ ಎಂದರು ಭಾವ. ‘ಎಲ್ಲಾ ದಿಂಡಿಗಲ್ ಟ್ಯೂನ್.’ ಅವನನ್ನು ಭುಜ ಹಿಡಿದು ಕರೆದುಕೊಂಡು ಹೋಗಿ, ಬಾನೆಟ್ ಎತ್ತಿ, ಕಣ್ಣಿಗೆ ಕಾಣದ ಸಾಫ್ಟ್‌ವೇರನ್ನು ಬೆರಳಿಟ್ಟು ತೋರಿಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಕಾಗದ ತೆಗೆದು ಅಕ್ಕನಿಗೆ ಕೊಟ್ಟು, ಕೆಳಗಿನ ಎರಡು ಸಾಲಿನ ಅರ್ಥ ಹೇಳಿದೆ. ಅವಳು ಕಾಗದ ನೋಡಿದಳು, ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಗಂಡನನ್ನು ನೋಡಿದಳು, ಟೀ ಮುಗಿಸಿದಳು.

‘ಈಗಲೇ ಹೇಳಿಬಿಡಲಾ?’ ಎಂದು ಕೇಳಿದೆ.

‘ಬ್ಯಾಡ,’ ಎಂದು ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಜೇಬಿಗೇ ತುರುಕಿದಳು. ‘ಜೋಪಾನವಾಗಿ ಇಟ್ಟಿರು. ಮುಂದಿನ ಜಗಳಕ್ಕೆ ಬೇಕಾಗ್ತದೆ.’