ಮಾವನ ಮಕ್ಕಳೆಲ್ಲಾ ಡಾಕ್ಟರು

ನಮ್ಮ ಸೋದರಮಾವನ ಮಕ್ಕಳೆಲ್ಲಾ ಡಾಕ್ಟರು. ಒಬ್ಬರೂ ಫೇಲಾದವರಲ್ಲ, ಒಬ್ಬರೂ ಅಪ್ಪನಿಗೆ ಎದುರಾಡಿದವರಲ್ಲ. ಒಟ್ಟು ಎಷ್ಟು ಮಕ್ಕಳು ಎಂದಿರಾ? ಒಂದೂ ಇಲ್ಲ!

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮನುಷ್ಯ. ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವ ಯಜಮಾನರೊಬ್ಬರಿಗೆ ವಿಷಯ ತಿಳಿದು ರೇಗಿತು.

"ಏನ್ ಸಾರ್, ಇಷ್ಟು ದೊಡ್ಡ ಸುಳ್ಳಾ?"

"ಸುಳ್ಳು ಅನ್ಬೇಕಾದ್ರೆ ಡಾಕ್ಟರ್ ಆಗದೇ ಇರೋ ನನ್ನ ಮಗ ಒಬ್ಬನ್ನ ತೋರಿಸ್ಬೇಕು. ತೋರ್ಸಿ!"

ಎಲ್ಲಿಂದ ತೋರಿಸುತ್ತಾರೆ, ಪಾಪ! ಮರುದಿನ ಮಾವ, "ನನ್ನ ಮಕ್ಕಳೆಲ್ಲಾ ಇಂಜಿನಿಯರು" ಎಂದರು.

"ನಿನ್ನೆ ಡಾಕ್ಟರು ಅಂದ್ರಲ್ರೀ!"

"ಅದೂ ನಿಜ, ಇದೂ ನಿಜ."

ಮಾವನಿಂದ ತಪ್ಪಿಸಿಕೊಳ್ಳಲು ಯಜಮಾನರು ಈಗ ಉಲ್ಟಾ ಸುತ್ತು ಹಾಕುತ್ತಾರೆ. ಹಾಗಾಗಿ ಸುತ್ತಿಗೆರಡು ಸಲ ಎದುರಾಗುತ್ತಾರೆ!

ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮಾವನನ್ನು ಅಣಕಿಸುವುದು ನನ್ನ ಖಾಯಂ ಐಟಂ. ಆ ಧೈರ್ಯದಲ್ಲೇ ಕಾಲೇಜಿನಲ್ಲೊಮ್ಮೆ, "ಮೇಡಂ, ನಾನು ಕೊಟ್ಟಿರೋ ಅಸೈನ್‌ಮೆಂಟಲ್ಲಿ ಒಂದೂ ತಪ್ಪಿಲ್ಲ" ಎಂದೆ.

"ಒಂದೂ ಕೊಟ್ಟೇ ಇಲ್ವಲ್ಲಪ್ಪ?"

"ಅದಕ್ಕೇ ಮೇಡಂ!"

"ನಾನು ನಿಂಗೆ ಕೊಟ್ಟಿರೋ ಮಾರ್ಕ್ಸೂ ಅಷ್ಟೇ ಕಣಪ್ಪ, ಒಂದೊಂದೂ ಚಿನ್ನ!" ಎಂದರು. ಒಂದೂ ಕೊಟ್ಟಿರಲಿಲ್ಲ. ಮಾವನ ವಿದ್ಯೆಗೆ ಮಾವನೇ ಬೇಕು ನೋಡಿ!

ಅತ್ತೆ ಮಾತ್ರ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಊಟಕ್ಕೆ ಕೂತಲ್ಲಿ ಯಾರಾದರೂ "ಎಷ್ಟು ಮಕ್ಕಳು?" ಎಂದರೆ ಸಾಕು, ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದರು. ಮೊನ್ನೆ ಹೇರೋಹಳ್ಳಿಯಲ್ಲಿ ನಮ್ಮ ಅಕ್ಕನ ಮಗುವಿನ ನಾಮಕರಣ. ಅಕ್ಕ ಮೂರು ಸಲ ಮನೆಗೆ ಹೋಗಿ ಗೋಗರೆದ ಮೇಲೆ ಬಂದರು.

ಎಲೆಗೆ ಒಬ್ಬಟ್ಟು ಬಿತ್ತು. ಎದುರುಸಾಲಿನ ಅಜ್ಜಿಯೊಬ್ಬರು ಬಗ್ಗಿ, "ಎಷ್ಟು ಮಕ್ಕಳಮ್ಮಾ ನಿಂಗೆ?" ಎಂದೇಬಿಟ್ಟರು.

ಅತ್ತೆಯ ಕೈ ನಿಂತಿತು.

"ನಮ್ಮ ಮಕ್ಕಳೆಲ್ಲಾ ಹುಟ್ಟಿದಾಗಿಂದ ಒಂದಿನಾನೂ ಅತ್ತಿಲ್ಲ ಅಜ್ಜಿ!" ಪಕ್ಕದೆಲೆಯಿಂದ ಮಾವ ಗುಡುಗಿದರು.

"ಅಯ್ಯೋ, ಅಳದೇ ಇರೋ ಮಗು ಎಲ್ಲಾದ್ರೂ ಇರ್ತದೇನಪ್ಪಾ?"

"ಅತ್ತಿರೋದು ಒಂದನ್ನ ತೋರ್ಸಿ, ನೋಡೇಬಿಡೋಣ!"

ಇಡೀ ಪಂಕ್ತಿ ಮಾವನ ಮೇಲೆ ಮುಗಿಬಿತ್ತು. ನಕ್ಕರು, ಬೈದರು, ತಲೆ ಕೆಟ್ಟಿದೆ ಎಂದರು. ಅತ್ತೆಯನ್ನು ಎಲ್ಲರೂ ಮರೆತರು. ಅತ್ತೆಯ ಬೆರಳು ಮೆಲ್ಲನೆ ಒಬ್ಬಟ್ಟನ್ನು ಮುರಿಯಿತು. ಮಾವ ವಾದಿಸುತ್ತಲೇ ಓರೆಗಣ್ಣಲ್ಲಿ ಅವರ ಎಲೆಯನ್ನೇ ನೋಡುತ್ತಿದ್ದರು. ಅತ್ತೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ಮಾವ ವಾದವನ್ನು ಇನ್ನಷ್ಟು ಎಳೆದರು.

ಅತ್ತೆ ಮಜ್ಜಿಗೆ ಕುಡಿದು ಕೈ ತೊಳೆಯಲು ಎದ್ದರು ನೋಡಿ, ಯಾರಿಗೂ ಸೋಲದ ಮನುಷ್ಯ ಆ ಕ್ಷಣವೇ, "ನೀವೇ ಸರಿ ಅಜ್ಜಿ, ನಾನು ಸೋತೆ" ಎಂದುಬಿಟ್ಟರು.

ಆಮೇಲೆ, ಆರಿಹೋಗಿದ್ದ ಅನ್ನಕ್ಕೆ ಕೈ ಹಾಕಿದರು.